ಎಡಚನ ಉಳಿಗೆರೆ

“ಏ ಯವ್ವಾ, ಬಾಜೂ ಸರಿ. ಫೋಟೋದಾಗ ಬರ್ತಿ!”

ಸಮಾರಂಭದ ಅಧ್ಯಕ್ಷರು ಹೀಗೆ ಕೂಗಿದ್ದು ಅರಕೇರಿಯ ಯಲ್ಲವ್ವನಿಗೆ. ಗಾಂಧಿ ಚೌಕದ ಹಿಂದಿನ ಹಳೇ ಬಾವಡಿಯ, ಅಂದರೆ ಮೆಟ್ಟಿಲುಬಾವಿಯ, ಕುಸಿದ ಮೆಟ್ಟಿಲುಗಳನ್ನು ಮತ್ತೆ ಕೂಡಿಸಿದ ಕಲ್ಲುಕೆಲಸದವರಲ್ಲಿ ಅವಳೊಬ್ಬಳು. ಅಂದು ಅದರ ಉದ್ಘಾಟನೆ. ಮುಖ್ಯ ಭಾಷಣ ನನ್ನದು. ಜಗತ್ತನ್ನು ಕಟ್ಟಿಯೂ ಚರಿತ್ರೆಯಲ್ಲಿ ಹೆಸರಿಲ್ಲದ ಜನರ ಬಗ್ಗೆ ಮಾನವಶಾಸ್ತ್ರಜ್ಞರೊಬ್ಬರು ಬರೆದ ಪುಸ್ತಕ ನನ್ನ ಬಗಲಲ್ಲಿತ್ತು. ಭಾಷಣದ ವಿಷಯವೂ ಅದೇ!

ಐದು ನಿಮಿಷ ಮುಂಚೆ ಯಲ್ಲವ್ವ ನನ್ನನ್ನು ಕರೆದು ಒಂದು ಹಳೇ ಮೆಟ್ಟಿಲ ಮೇಲೆ ಬೆರಳಾಡಿಸಿದ್ದಳು.

“ಇಲ್ನೋಡ್ರಿ ಸರ, ಉಳಿಗೆರಿ ಎಲ್ಲಾ ಉಲ್ಟಾ ವಾಲ್ಯಾವ. ಇದನ್ನ ಹೊಡದಾಂವ ಎಡಚ ಇದ್ದ. ನಮ್ಮಪ್ಪನೂ ಎಡಚ, ಹಿಂಗ ಹೊಡೀತಿದ್ದ.”

ನಾನು ಇಪ್ಪತ್ತು ವರ್ಷ ಮಕ್ಕಳಿಗೆ ‘ಬಾವಡಿಯನ್ನು ಸುಲ್ತಾನ ಕಟ್ಟಿಸಿದ’ ಎಂದೇ ಪಾಠ ಹೇಳಿದವನು. ಕಟ್ಟಿದವನ ಕೈ ಯಾವುದೆಂದು ಮೊದಲ ಬಾರಿಗೆ ತೋರಿಸಿದವಳನ್ನು ಈ ಅಧ್ಯಕ್ಷ ಮಹಾಶಯ ನಾಯಿ ಅಟ್ಟಿದಂತೆ ಅಟ್ಟುತ್ತಿದ್ದ! ಯಲ್ಲವ್ವ ಸೆರಗು ಝಾಡಿಸಿ ಬದಿಗೆ ಸರಿದಳು. ನನಗೆ ಮೈಯೆಲ್ಲ ಉರಿಯಿತು. ‘ಆಕಿ ಇಲ್ಲೇ ನಿಲ್ಲಲಿ’ ಎನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಯಾರೋ ಹಾರ ತಂದರು. ಬಗ್ಗಿ ಹಾಕಿಸಿಕೊಂಡೆ.

ಅಧ್ಯಕ್ಷರ ಮೇಲಿನ ಸಿಟ್ಟು ಎರಡು ದಿನದಲ್ಲಿ ಇಳಿಯಿತು. ನನ್ನ ಮೇಲಿನದು ಇಳಿಯುತ್ತಿಲ್ಲ. ಆ ಫೋಟೋದಲ್ಲಿ ನಾನು ಹಾರ ಹಾಕಿಕೊಂಡು ನಗುತ್ತ ನಿಂತಿದ್ದೇನೆ, ಎಡಚ ಕಡಿದ ಅದೇ ಮೆಟ್ಟಿಲ ಮೇಲೆ, ಬೂಟುಗಾಲಲ್ಲಿ.