ಅಂಗೈಯ ಕರಾರು

ಮಹಾದೇವಿಯವರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಚಿಕ್ಕವರಿದ್ದಾಗ ಬಂದ ಜ್ವರ ಎರಡನ್ನೂ ಒಯ್ದಿತು, ಮಾತು ಮಾತ್ರ ಉಳಿಯಿತು. ಹಾಗಿದ್ದೂ ಬಿ.ಎ. ಮುಗಿಸಿ, ಈಗ ಕಲಬುರಗಿಯಲ್ಲಿ ತಮ್ಮಂಥ ಮಕ್ಕಳಿಗೆ ಪಾಠ ಹೇಳುತ್ತಾರೆ. ಪತ್ರಿಕೆಗಾಗಿ ಅವರನ್ನು ಮಾತಾಡಿಸಲು ಕಮಲಾಪುರದ ಮನೆಗೆ ಹೋಗಿದ್ದೆ. ನನ್ನ ಪ್ರಶ್ನೆಗಳನ್ನು ತಂಗಿ ಶರಣಮ್ಮ ಅಕ್ಕನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದರು.

ಅವರು ಕೊಟ್ಟ ಕೆಂಪು ಬಾಳೆಹಣ್ಣು ತಿನ್ನುತ್ತಾ ನಾನು ತಂಗಿಯ ಕಡೆ ಬಾಗಿ ಮೆಲ್ಲಗೆ ಕೇಳಿದೆ: “ಅಕ್ಕನ ಸಲುವಾಗಿ ನಿಮಗ ಭಾಳ ತ್ರಾಸ ಆಗಿರಬೇಕಲ್ರೀ? ಇದನ್ನ ಅವರಿಗಿ ಹೇಳಬ್ಯಾಡ್ರಿ.”

ಶರಣಮ್ಮನ ಬೆರಳು ನಿಲ್ಲಲೇ ಇಲ್ಲ. ‘ಹೇಳಬ್ಯಾಡ್ರಿ’ ಎಂಬುದನ್ನೂ ಬರೆದು ಮುಗಿಸಿತು.

ಮಹಾದೇವಿ ಜೋರಾಗಿ ನಕ್ಕರು. “ನಮ್ಮ ಕರಾರೇ ಹಂಗದ ರೀ. ನನ್ನ ಮುಂದ ಆಡಿದ ಮಾತೆಲ್ಲಾ ನನ್ನ ಕೈಗಿ ಬರಬೇಕು. ಕಾಲೇಜಿನ್ಯಾಗ ಮಾಸ್ತರು ಕೆಮ್ಮಿದ್ರೂ ಇಕಿ ಬರೀತಿದ್ದಳು. ತ್ರಾಸ ಆಗ್ಯಾದ ಖರೇ. ನನ್ನ ಜೋಡಿ ಕುಂತು ಕುಂತು ಇಕೀನೂ ಬಿ.ಎ. ಪಾಸಾಗಬೇಕಾತು!”

ನಾನು ಬಾಯಿ ಮುಚ್ಚಿಕೊಂಡು ಕೂತೆ. ತಂಗಿಯ ಬೆರಳು ಮತ್ತೆ ಆಡಿತು.

“ಯಾಕ್ರೀ, ಒಮ್ಮೆಲೇ ಸುಮ್ನ ಕುಂತೀರಂತ?” ಎಂದರು ಮಹಾದೇವಿ.