ಹುಳದ ಮನೆಯ ಬಾಗಿಲು

ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ಮುನಿಶಾಮಮ್ಮ ಕೈಚೀಲ ಹಿಡಿದು ಬರುವುದನ್ನು ಕಂಡರೆ ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ‘ಯಮನ ತಂಗಿ ಬಂದಳು’ ಎಂದು ಆಡಿಕೊಳ್ಳುವ ಬಾಯಿಗಳಿಗೇನು ಬರ! ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ರೋಗಿಯನ್ನು ವಾಪಸ್ ಕಳಿಸಿದ ದಿನ, ಅದೇ ಬಾಯಿಗಳು ಮೊದಲು ಕೂಗುತ್ತಿದ್ದುದು ಅವಳನ್ನೇ.

ಅವಳು ಡಾಕ್ಟರಲ್ಲ, ನರ್ಸೂ ಅಲ್ಲ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಒಂದು ಸಂಸ್ಥೆಯವರು ತೊಂಬತ್ತೈದನೇ ಇಸವಿಯಲ್ಲಿ ಊರಿಗೆ ಬಂದಿದ್ದರು. ಅವರ ಬೆನ್ನು ಹತ್ತಿ ಹೋಗಿ, ಹದಿನೈದು ದಿನ ಅಲ್ಲೇ ಇದ್ದು ಕೆಲಸ ಕಲಿತು ಬಂದಳು. ಹುಣ್ಣು ತೊಳೆಯುವುದು, ಮಗ್ಗುಲು ಬದಲಿಸುವುದು, ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತುವುದು. ಮನೆಯವರಿಗೆ ಬೈಯುವುದನ್ನು ಮಾತ್ರ ಅಲ್ಲಿ ಯಾರೂ ಕಲಿಸಲಿಲ್ಲ. ಅದು ಅವಳಿಗೆ ಹುಟ್ಟಿನಿಂದಲೇ ಬಂದಿತ್ತು.

“ಗಂಜಿ ಬೇಡ ಅಂತ ಬಾಯಿ ಮುಚ್ಕೊಂಡವ್ರಿಗೆ ಯಾಕಮ್ಮ ತುರುಕ್ತೀಯ? ಅದು ನಿನ್ನ ಸಮಾಧಾನಕ್ಕೆ, ಅವ್ರ ಹೊಟ್ಟೆಗಲ್ಲ. ಪಕ್ಕದಲ್ಲಿ ಕೂತ್ಕೊ, ಕೈ ಹಿಡ್ಕೊ. ಏನು ಕೇಳ್ತಾರೋ ಅದನ್ನ ಇವತ್ತೇ ಮಾಡು. ನಾಳೆ ಅನ್ಬೇಡ.”

ನಾಳೆ ಎಂಬ ಮಾತು ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಅವಳ ಗಂಡ ಕೋನಪ್ಪ.

ಕೋನಪ್ಪ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದವನು. ಎಂಬತ್ತೆಂಟರಲ್ಲಿ ಅವನ ಕೆನ್ನೆಯೊಳಗಿನ ಹುಣ್ಣು ಕ್ಯಾನ್ಸರೆಂದು ಗೊತ್ತಾಗಿ, ಆಸ್ಪತ್ರೆಯವರು ಕೈಚೆಲ್ಲಿದರು. ಅವನು ಮನೆಗೆ ಬಂದಾಗ ಹುಳ ನಾಲ್ಕನೆಯ ಜ್ವರ ಎದ್ದಿದ್ದವು. ಅಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಬಿಡುವಿಲ್ಲದೆ ಸೊಪ್ಪು ಮೇಯುವ ಹೊತ್ತು. ಆಗ ಹುಳದ ಮನೆಯ ಹತ್ತಿರ ಬೀಡಿ ಹೊಗೆಯಿರಲಿ, ಒಗ್ಗರಣೆಯ ಘಾಟೂ ಸುಳಿಯಕೂಡದು ಎಂಬುದು ಆ ಕಡೆಯವರ ಕಟ್ಟುನಿಟ್ಟು. ಹುಣ್ಣಿನ ನಾತ, ಔಷಧಿಯ ವಾಸನೆ ತಾಗಿದರೆ ಹುಳವೆಲ್ಲ ಸತ್ತುಹೋಗುತ್ತವೆಂದು ಹೆದರಿ ಮುನಿಶಾಮಮ್ಮ ಗಂಡನ ಮಂಚವನ್ನು ಹಿತ್ತಲಿನ ದನದ ಕೊಟ್ಟಿಗೆಗೆ ಹಾಕಿಸಿದಳು. ಗುಡಿಸಿ, ಸಾರಿಸಿ, ಹಳೆ ಸೀರೆಯ ಪರದೆ ಕಟ್ಟಿದ್ದಳು ನಿಜ. ಏನು ಕಟ್ಟಿದರೂ ಕೊಟ್ಟಿಗೆ ಕೊಟ್ಟಿಗೆಯೇ.

ಕೋನಪ್ಪ ಕೇಳಿದ್ದು ಒಂದೇ. “ಮುನೀ, ನನ್ನ ಹುಳದ ಮನೆ ಬಾಗ್ಲಲ್ಲಿ ಮಲಗ್ಸೇ. ಹುಳ ಸೊಪ್ಪು ತಿನ್ನೋ ಸದ್ದು ಕೇಳ್ಕೊಂಡು ಬಿದ್ದಿರ್ತೀನಿ.”

ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು ಹೆಂಚಿನ ಮೇಲೆ ಬೀಳುವ ಸೋನೆ ಮಳೆಯ ಹಾಗಿರುತ್ತದೆ. ಅವನು ಹುಟ್ಟಿ ಬೆಳೆದದ್ದೇ ಆ ಸದ್ದಿನಲ್ಲಿ.

“ಇನ್ನು ನಾಲ್ಕು ದಿನ ತಡ್ಕಳಿ. ಹುಳ ಗೂಡು ಕಟ್ಟಲಿ, ನಾನೇ ಕರ್ಕೊಂಡು ಹೋಗ್ತೀನಿ. ಅಷ್ಟೊತ್ತಿಗೆ ನಿಮಗೂ ವಾಸಿಯಾಗಿರುತ್ತೆ” ಎಂದಳು. ವಾಸಿಯಾಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ಗೋಡೆಯ ಕಡೆಗೆ ತಿರುಗಿ ಮಲಗಿದ. ಮೂರನೆಯ ದಿನ ಬೆಳಗ್ಗೆ, ಅವಳು ಹಣ್ಣಾದ ಹುಳಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಾಗ, ಕೋನಪ್ಪ ಕೊಟ್ಟಿಗೆಯಲ್ಲಿ ಒಬ್ಬನೇ ಹೋಗಿಬಿಟ್ಟ.

‘ಬಾಗಿಲಲ್ಲಿ ಮಲಗಿಸಿದ್ದರೆ ಹುಳ ಉಳಿಯುತ್ತಲೇ ಇರಲಿಲ್ಲ.’ ಮುನಿಶಾಮಮ್ಮ ಒಂಬತ್ತು ವರ್ಷ ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದಳು. ಬೇರೆ ಆಸರೆ ಅವಳಿಗಿರಲಿಲ್ಲ.

ತೊಂಬತ್ತೇಳರಲ್ಲಿ ಪಕ್ಕದ ಊರಿನ ನಲ್ಲಪ್ಪನನ್ನು ಅದೇ ರೋಗಕ್ಕೆ ಆಸ್ಪತ್ರೆಯಿಂದ ವಾಪಸ್ ತಂದರು. ಅವನೂ ಹುಳ ಸಾಕಿ ಮುದುಕನಾದವನೇ. ಮುನಿಶಾಮಮ್ಮ ಹೋದಾಗ ಸೊಸೆ ಮಂಗಮ್ಮ ಬಾಗಿಲಲ್ಲೇ ಹಿಡಿದು ಪಿಸುಗುಟ್ಟಿದಳು: “ಅಕ್ಕಾ, ಹುಳ ನಾಲ್ಕನೇ ಜ್ವರ ಎದ್ದು ಎರಡು ದಿನ ಆಯ್ತು. ಮಾವನ್ನ ಕೊಟ್ಟಿಗೆಗೆ ಹಾಕಣ ಅಂತಿದ್ದೀವಿ. ಅವ್ರು ಹೋಗಲ್ಲ ಅಂತಾರೆ. ನೀನೊಂದು ಮಾತು ಹೇಳು.”

ನಲ್ಲಪ್ಪನ ಕಣ್ಣು ಹುಳದ ಮನೆಯ ಕಡೆಗೇ ಇತ್ತು.

“ಕೊಟ್ಟಿಗೆಗೆ ಬೇಡ” ಎಂದಳು ಮುನಿಶಾಮಮ್ಮ. “ಮಂಚ ಹುಳದ ಮನೆ ಬಾಗ್ಲಿಗೆ ಎಳೀರಿ. ಹುಳಕ್ಕೆ ಏನಾದ್ರೂ ಆದ್ರೆ ನನ್ನ ಹೆಸ್ರು ಹಿಡ್ದು ಬೈರಿ, ಬಂದು ಬೈಸ್ಕೋತೀನಿ.”

ಮಂಗಮ್ಮನ ಗಂಡ ಗೊಣಗುತ್ತಲೇ ಮಂಚ ಎಳೆದ. ಆಮೇಲೆ ಮುನಿಶಾಮಮ್ಮ ದಿನಾ ಬೆಳಗ್ಗೆ ಬಂದು ಹುಣ್ಣು ತೊಳೆಯುವ ಮೊದಲು ಹುಳದ ತಟ್ಟೆಗಳ ಕಡೆ ಇಣುಕುತ್ತಿದ್ದಳು. ಅವು ಚೆನ್ನಾಗಿರಲಿ ಎಂದು ಬಾಯಲ್ಲಿ ಹೇಳುತ್ತಿದ್ದಳು. ಮನಸ್ಸಿನ ಒಂದು ಮೂಲೆ ಮಾತ್ರ ಅವು ಸಾಯಲಿ ಎಂದು ಕಾಯುತ್ತಿತ್ತು. ಸತ್ತರೆ ಒಂಬತ್ತು ವರ್ಷದ ಹಿಂದೆ ತಾನು ಮಾಡಿದ್ದೇ ಸರಿ ಎಂದಾಗುತ್ತಿತ್ತಲ್ಲ! ಇಂಥ ಆಸೆ ಹುಟ್ಟಿತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ನಲ್ಲಪ್ಪ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತ ಮಲಗಿರುತ್ತಿದ್ದ. ಆರನೆಯ ದಿನ ಮಧ್ಯಾಹ್ನ, ಸೊಸೆಯ ಕೈಯಲ್ಲಿ ಕೈ ಇಟ್ಟುಕೊಂಡೇ ಹೋದ.

ಸತ್ತ ಮೂರನೆಯ ದಿನದ ಹಾಲುತುಪ್ಪಕ್ಕೆ ಮುನಿಶಾಮಮ್ಮ ಬಂದಾಗ ಮಂಗಮ್ಮ ಅವಳನ್ನು ಹುಳದ ಮನೆಗೆ ಕರೆದುಕೊಂಡು ಹೋದಳು. ಚಂದ್ರಿಕೆಗಳ ತುಂಬ ಹಳದಿ ಗೂಡು, ಸಂದು ಬಿಡದೆ.

“ನೋಡಕ್ಕಾ, ಬೆಳೆ ಒಂಚೂರೂ ಕೆಡಲಿಲ್ಲ. ನೀನು ಹೇಳಿದ್ದೇ ಸರಿಯಾಯ್ತು.”

ಮುನಿಶಾಮಮ್ಮ ಕೈ ಚಾಚಿ ಒಂದು ಗೂಡು ಮುಟ್ಟಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಏನಾಯ್ತಕ್ಕಾ?”

“ನಮ್ಮ ಯಜಮಾನ್ರು ಕೇಳಿದ್ದೂ ಇಷ್ಟೇ ಕಣೇ. ಹುಳ ಸಾಯ್ತವೆ ಅಂತ ನಾನು ಬಾಗ್ಲಿಗೂ ಬಿಡ್ಲಿಲ್ಲ.”

ಮಂಗಮ್ಮ ಪಕ್ಕದಲ್ಲಿ ಕೂತು, ಅವಳೇ ಕಲಿಸಿದ್ದಂತೆ, ಅವಳ ಕೈ ಹಿಡಿದುಕೊಂಡಳು.