ನಾನು ತಿರುಚಿದ ಕೈ

ಮೊನ್ನೆ ರಾಜರಾಜೇಶ್ವರಿನಗರದ ಗೆಳೆಯನ ಮನೆಯಲ್ಲಿ ಸಲಾಡ್‌ಗೆಂದು ಆಲಿವ್ ಎಣ್ಣೆ ಸುರಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಟ್ಟೆ ಕೆಳಗಿಟ್ಟೆ. ಮೂಡಲಪಾಳ್ಯದ ನಮ್ಮ ಮಹಡಿ ಮನೆ, ನೆಲದ ಮೇಲೆ ಒಡೆದ ಪುಟ್ಟ ಸೀಸೆ, ಎಣ್ಣೆಯಲ್ಲಿ ಬೆರೆತ ರಕ್ತ... ಎಷ್ಟು ರಕ್ತವಿತ್ತೋ ಈಗ ಹೇಳಲಾರೆ. ನನ್ನ ನೆನಪು ಅದನ್ನು ವರ್ಷವರ್ಷಕ್ಕೂ ಹೆಚ್ಚಿಸುತ್ತಾ ಬಂದಿದೆ.

ಮಹಡಿಯಲ್ಲಿ ಬಾಡಿಗೆಗಿದ್ದ ಅಂಕಲ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಕ್ಯಾಥೊಲಿಕರು, ಆದರೆ ಚರ್ಚಿಗೆ ಹೋಗುತ್ತಿರಲಿಲ್ಲ. ಅರವತ್ತು ವರ್ಷಗಳಿಂದ ರೋಮಿನಲ್ಲಿ ಕೂತವರು ಯಾರೂ ಪೋಪ್‌ಗಳೇ ಅಲ್ಲ ಎನ್ನುವುದು ಅವರ ವಾದ. ಹಳೆಯ ಲ್ಯಾಟಿನ್ ಬಲಿಪೂಜೆಯನ್ನು ಕೆಡಿಸಿದವರು ಪೋಪ್ ಹೇಗಾದಾರು? ಅವರ ಕೈಕೆಳಗಿನ ಪಾದ್ರಿಗಳೂ ಪಾದ್ರಿಗಳಲ್ಲ, ಆ ಪಾದ್ರಿಗಳು ಸಾಯುವವರ ಹಣೆಗೆ ಹಚ್ಚುವ ಪವಿತ್ರ ಆಲಿವ್ ಎಣ್ಣೆ ಬರೀ ಅಡುಗೆ ಎಣ್ಣೆ, ಅದನ್ನು ಒಪ್ಪಿ ಹಚ್ಚಿಸಿಕೊಂಡವರಿಗೆ ಸ್ವರ್ಗವಿಲ್ಲ. ತಿಂಗಳಿಗೊಮ್ಮೆ ಅವರ ಪಂಗಡದ ಗುರುವೊಬ್ಬರು ರೈಲಿನಲ್ಲಿ ಬಂದು, ಅವರ ನಡುಮನೆಯಲ್ಲೇ ಪೂಜೆ ಮಾಡಿ ಹೋಗುತ್ತಿದ್ದರು.

"ರೋಮ್‌ನಲ್ಲಿ ಕುರ್ಚಿ ಖಾಲಿ ಇದೆಯಂತೆ ಕಣೋ," ಎಂದು ಅವರ ಹೆಂಡತಿ, ನಮ್ಮ ಆಂಟಿ, ಛೇಡಿಸುತ್ತಿದ್ದರು. "ಇವರೇ ಹೋಗಿ ಕೂತ್ಕೊಳ್ಳಲಿ. ನಂಗೂ ಮನೇಲಿ ಸ್ವಲ್ಪ ಗಾಳಿ ಆಡತ್ತೆ." ಅಂಕಲ್ಲೂ ನಗುತ್ತಿದ್ದರು.

ಆಂಟಿಯ ಕ್ಯಾನ್ಸರ್ ಲಿವರ್‌ಗೆ ಹರಡಿದ ಮೇಲೆ ನಗು ನಿಂತಿತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರ್ ಹೇಳಿದ ದಿನ, ಅಂಕಲ್ ನನ್ನನ್ನು ಹಾಸಿಗೆಯ ಪಕ್ಕ ಕೂರಿಸಿ, ತಮ್ಮ ಗುರುವನ್ನು ಕರೆತರಲು ಕೆಂಗೇರಿ ಸ್ಟೇಷನ್ನಿಗೆ ಹೋದರು. ರೈಲು ತಡವಾಗಿತ್ತು. ಆಂಟಿ ನನ್ನ ಕೈ ಹಿಡಿದುಕೊಂಡರು.

"ನಮ್ಮ ಚರ್ಚಿನ ಫಾದರನ್ನ ಕರ್ಕೊಂಡು ಬಾ ಮಗಾ. ನನ್ನ ಮದ್ವೆ ಆಗಿದ್ದು ಅಲ್ಲೇ. ಎಣ್ಣೆ ಹಚ್ಚಿಸ್ಕೊಳ್ದೆ ಸಾಯೋಕೆ ಭಯ ಆಗ್ತಿದೆ."

ಸ್ಕೂಟರಿನಲ್ಲಿ ಹೋಗಿ ಕರೆತಂದೆ. ಆಂಟಿಯ ಮಾತಿಗಾಗಿ ಹೋದೆನೋ, ಅಂಕಲ್ ಹಠ ಮುರಿಯಬೇಕೆಂಬ ಓದಿದವನ ಜಂಬಕ್ಕೆ ಹೋದೆನೋ... ಎರಡೂ ಇದ್ದಿರಬೇಕು.

ಫಾದರ್ ಸೀಸೆಯ ಮುಚ್ಚಳ ತೆಗೆಯುವಷ್ಟರಲ್ಲಿ ಅಂಕಲ್ ಒಬ್ಬರೇ ವಾಪಸು ಬಂದರು. ರೈಲು ಇನ್ನೂ ಬಂದಿರಲಿಲ್ಲ. ಹೆಂಡತಿಗೆ ನೋವಿನ ಮಾತ್ರೆ ಕೊಡುವ ಹೊತ್ತಾಯಿತೆಂದು ಓಡಿ ಬಂದಿದ್ದರು.

"ಯಾವನೋ ಇವನನ್ನ ಒಳಗೆ ಬಿಟ್ಟಿದ್ದು? ವೇಷ ಹಾಕ್ಕೊಂಡ್ ಬಂದಿದಾನೆ, ಕಳ್ಳ!"

ಮೇಜಿನ ಮೇಲಿದ್ದ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡ್ ಎತ್ತಿ ಫಾದರ್ ಮುಖಕ್ಕೆ ಬಾರಿಸಿದರು. ಮೂಗು ಒಡೆಯಿತು. ಸೀಸೆ ಬಿದ್ದು ಚೂರಾಯಿತು. ಎರಡನೆಯ ಏಟು ಕಿವಿಯ ಮೇಲೆ. ಮೂರನೆಯದಕ್ಕೆ ಎತ್ತಿದ ಕೈಯನ್ನು ನಾನು ಹಿಂದಿನಿಂದ ಹಿಡಿದು ಬೆನ್ನಿಗೆ ತಿರುಚಿದೆ. ಲಟಕ್ಕೆಂದಿತು. ಅವತ್ತಿನ ಡೈರಿಯಲ್ಲಿ 'ಬಿಡಿಸಿದೆ' ಎಂದಷ್ಟೇ ಬರೆದಿದ್ದೇನೆ. ಸದ್ದು ಬಂದ ಮೇಲೂ ತಿರುಚುತ್ತಲೇ ಇದ್ದೆ ಎಂದು ಬರೆದಿಲ್ಲ.

ಅಂಕಲ್ ಚೀರಲಿಲ್ಲ. "ಬೇಡ ಅನ್ನು ಕಣೇ... ಬೇಡ ಅನ್ನು," ಎಂದು ಹೆಂಡತಿಯನ್ನು ಅಂಗಲಾಚಿದರು. ಫಾದರ್ ನೆಲದ ಮೇಲಿನ ಎಣ್ಣೆಗೆ ಹೆಬ್ಬೆರಳು ತಾಗಿಸಿ, ಮೂಗಿನ ರಕ್ತ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿದ್ದಂತೆಯೇ ಆಂಟಿಯ ಹಣೆಗೆ, ಅಂಗೈಗಳಿಗೆ ಶಿಲುಬೆ ಎಳೆದರು. ಆಂಟಿ ಗಂಡನನ್ನು ನೋಡಲಿಲ್ಲ. ಕಣ್ಣು ಮುಚ್ಚಿ "ಆಮೆನ್" ಎಂದರು. ಸಂಜೆಯಾಗುವ ಮೊದಲೇ ಹೋಗಿಬಿಟ್ಟರು.

ಫಾದರ್ ಪೊಲೀಸರಿಗೆ ದೂರು ಕೊಡಲಿಲ್ಲ. ಚರ್ಚಿನ ಸ್ಮಶಾನದಲ್ಲೇ ಆಂಟಿಯ ಮಣ್ಣಾಯಿತು, ಅಂಕಲ್ ಬರಲಿಲ್ಲ. ಮನೆ ಖಾಲಿ ಮಾಡುವ ದಿನ, ಪ್ಲಾಸ್ಟರ್ ಹಾಕಿದ ಕೈ ಎದೆಗಿಟ್ಟುಕೊಂಡು ಗೇಟಿನ ಹತ್ತಿರ ನಿಂತರು.

"ಕೈ ಹೋಗ್ಲಿ ಬಿಡಪ್ಪ. ಸತ್ತ ಮೇಲೆ ಅವಳು ಸಿಗ್ತಾಳೆ ಅಂದ್ಕೊಂಡಿದ್ದೆ. ಈಗ ಅವಳು ಆ ಕಡೆ, ನಾನು ಈ ಕಡೆ."

ನಾನು ಕ್ಷಮೆ ಕೇಳಿದೆನೆಂದು ಒಮ್ಮೊಮ್ಮೆ ನೆನಪಾಗುತ್ತದೆ. ಡೈರಿಯಲ್ಲಿ ಅದಿಲ್ಲ.

ಈ ಭಾನುವಾರ ಫಾದರ್‌ಗೆ ಫೋನ್ ಮಾಡಿದೆ. ಅಂಕಲ್ ಹೋದ ವರ್ಷವೇ ತೀರಿಕೊಂಡರಂತೆ. ಆಂಟಿಯ ಪಕ್ಕದ ಜಾಗವನ್ನು ಅವರಿಗೆಂದು ಬಿಟ್ಟಿದ್ದೇವೆ ಎಂದು ಫಾದರ್ ಹೇಳಿ ಕಳಿಸಿದ್ದರಂತೆ. ಅಲ್ಲಿ ಮಾತ್ರ ಬೇಡವೆಂದು ಅಂಕಲ್ ಮೊದಲೇ ಹೇಳಿದ್ದರಿಂದ, ಅವರ ಪಂಗಡದವರು ಬೇರೆ ಊರಿನಲ್ಲಿ ಮಣ್ಣು ಮಾಡಿದರಂತೆ.

ಹೋಗಿ ನೋಡಿ ಬಂದೆ. ಆಂಟಿಯ ಕಲ್ಲಿನ ಪಕ್ಕ ಒಂದಾಳು ಮಲಗುವಷ್ಟು ಹುಲ್ಲು. ನನಗೆ ಸ್ವರ್ಗದಲ್ಲಿ ನಂಬಿಕೆಯಿಲ್ಲ. ಆದರೂ ಅಂಕಲ್ ಗೇಟಿನಲ್ಲಿ ಆಡಿದ ಮಾತು ಸುಳ್ಳಾಗಲಿ ಎಂದು ಅಲ್ಲಿ ನಿಂತು ಬೇಡಿಕೊಂಡೆ... ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ.